ಹಂಪೆಗೆ ಹೋದ ನಲವತ್ತೆರಡು ಮಂದಿ

ನಮ್ಮ ತುರುವನೂರಿಗೆ ನದಿಯಿಲ್ಲ. ಚಿತ್ರದುರ್ಗ ತಾಲ್ಲೂಕಿನ ಆ ಬಯಲುಸೀಮೆಯ ಊರಿನ ಹೆಸರು ಕೇಳಿದೊಡನೆ ಬಲ್ಲವರಿಗೆ 1939ರ ಈಚಲು ಮರದ ಸತ್ಯಾಗ್ರಹವೂ ಅದರ ಮುಂದಾಳಾಗಿದ್ದ ಎಸ್. ನಿಜಲಿಂಗಪ್ಪನವರೂ ನೆನಪಾಗಬಹುದು, ಹೊಳೆ ಮಾತ್ರ ಯಾರಿಗೂ ನೆನಪಾಗದು. ಕೆರೆ, ಬಾವಿ, ಕೊಳವೆಬಾವಿ, ಇವೆಲ್ಲಕ್ಕೂ ಮೊದಲು ಮುಗಿಲು: ನಮ್ಮ ನೀರಿನ ಲೆಕ್ಕ ಇಷ್ಟರಲ್ಲಿಯೇ ಮುಗಿಯುತ್ತದೆ. ಅದರಿಂದಲೇ ಇರಬೇಕು, ಕಳೆದ ಮಾಗಿಯಲ್ಲಿ ಊರಿನ ಕೆಲವರು ಸೇರಿ ಪ್ರವಾಸ ಹೊರಡಬೇಕೆಂದಾಗ, ಎಲ್ಲಿಗೆ ಎಂಬ ಪ್ರಶ್ನೆಗೆ ಬಂದ ಉತ್ತರಗಳೆಲ್ಲ ನೀರಿರುವ ಊರುಗಳೇ ಆಗಿದ್ದವು. ಹಂಪೆಯೆಂದು ತೀರ್ಮಾನವಾದದ್ದು ನನ್ನ ಒತ್ತಾಯದಿಂದ. ದುರ್ಗದ ನಾಯಕರು ಮೊದಲಿಗೆ ವಿಜಯನಗರಕ್ಕೆ ನಡೆದುಕೊಂಡವರು. ನಮಗೂ ಆ ಊರಿಗೂ ಹಳೆಯ ನಂಟು, ಎಂದೆಲ್ಲ ನಾನು ಜಗುಲಿಯ ಮೇಲೆ ಕುಳಿತು ವಾದಿಸಿದ್ದೆ. ಮೂವತ್ತು ವರ್ಷ ಪಾಠ ಹೇಳಿದವನ ಬಾಯಿಗೆ ಬೀಗ ಹಾಕುವವರಾರು?

ಅಂತೂ ನಲವತ್ತೆರಡು ಮಂದಿಯಾದೆವು. ಬಸ್ಸಿನ ಬಾಡಿಗೆ, ಬುತ್ತಿಯ ಹೊಣೆ ಎಲ್ಲವನ್ನೂ ಹಂಚಿಕೊಂಡರು. ನನಗೆ ಬಂದ ಪಾಲು ನಾಯಕತ್ವ. ಕಾಲೇಜಿನಲ್ಲಿದ್ದಾಗ ಎಷ್ಟೋ ಬಾರಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದವನು ನಾನು. ಆ ಅಭ್ಯಾಸದಂತೆ ಒಂದು ಪಟ್ಟಿ ಬರೆದೆ. ವಿರೂಪಾಕ್ಷ ದೇವಾಲಯಕ್ಕೆ ಒಂದು ಗಂಟೆ, ವಿಠ್ಠಲ ದೇವಾಲಯಕ್ಕೆ ಒಂದೂವರೆ, ಕಮಲ ಮಹಲು ಮತ್ತು ಗಜಶಾಲೆಗೆ ಮುಕ್ಕಾಲು, ಸಂಜೆ ತುಂಗಭದ್ರಾ ಅಣೆಕಟ್ಟೆಯ ಉದ್ಯಾನ. ಹೊಳೆಯಾಚೆಯ ಆನೆಗೊಂದಿಯನ್ನು ಪಟ್ಟಿಯಲ್ಲಿ ಬರೆದು ಮತ್ತೆ ಹೊಡೆದುಹಾಕಿದೆ. ಅಲ್ಲಿ ನೋಡಲು ಅಂಥ ದೊಡ್ಡ ಕಟ್ಟಡಗಳಿಲ್ಲ, ಸುತ್ತುಬಳಸಿನ ದಾರಿ ಬೇರೆ ಎಂಬುದು ನನ್ನ ಎಣಿಕೆ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ನನ್ನ ಅತ್ತಿಗೆ. ಎಪ್ಪತ್ತೆಂಟು ದಾಟಿದೆ, ಮೊಣಕಾಲು ನೋವು. ನಮ್ಮಣ್ಣ ತೀರಿಕೊಂಡ ಮೇಲೆ ಆಕೆ ದೂರದ ಪಯಣಕ್ಕೆ ಹೊರಟದ್ದು ಇದೇ ಮೊದಲು. ಮದುವೆಯಾದ ಹೊಸತರಲ್ಲಿ, ಅಂದರೆ ಅರುವತ್ತು ವರ್ಷಗಳ ಹಿಂದೆ, ಚೈತ್ರದ ತೇರಿಗೆಂದು ಅಣ್ಣನೊಡನೆ ಹಂಪೆಗೆ ಹೋಗಿದ್ದರಂತೆ. ಆಗ ನಾನು ಪ್ರೈಮರಿ ಶಾಲೆಯ ಹುಡುಗ. ಅವರು ತಂದುಕೊಟ್ಟ ಬೆಂಡು ಬತ್ತಾಸು ನೆನಪಿದೆ, ಇನ್ನೇನೂ ನೆನಪಿಲ್ಲ.

ನಸುಕಿನಲ್ಲಿ ಹೊರಟು ಕೂಡ್ಲಿಗಿ ದಾಟುವಾಗ ಬೆಳಗಾಯಿತು. ಹೊಸಪೇಟೆ ಬಂದೊಡನೆ ನಾನು ಎದ್ದುನಿಂತು ಉಪನ್ಯಾಸ ಆರಂಭಿಸಿದೆ. 1336, ಹರಿಹರ, ಬುಕ್ಕ, ವಿದ್ಯಾರಣ್ಯ. ಹಿಂದಿನ ಸೀಟುಗಳಲ್ಲಿ ಆಗಲೇ ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿಯ ಘಮ ಎದ್ದಿತ್ತು. ಇತಿಹಾಸಕ್ಕೆ ಚಟ್ನಿಯೊಡನೆ ಸೆಣಸುವ ಶಕ್ತಿಯಿಲ್ಲವೆಂಬುದು ನನಗೆ ಕಾಲೇಜಿನ ದಿನಗಳಿಂದಲೂ ತಿಳಿದ ವಿಷಯವೇ.

ವಿರೂಪಾಕ್ಷನ ಗುಡಿಯಲ್ಲಿ ಎಲ್ಲರಿಗೂ ಹಿಡಿಸಿದ್ದು, ಕಿಂಡಿಯ ಮೂಲಕ ಒಳಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಗೋಪುರದ ನೆರಳು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿಯ ನೋಟುಗಳು ಜೇಬಿನಿಂದ ಹೊರಬಂದವು. ನೋಟಿನ ಮೇಲಿನ ಚಿತ್ರಕ್ಕೂ ಎದುರಿನ ಕಲ್ಲಿಗೂ ತಾಳೆ ನೋಡಿ, ಸರಿಯಾಗಿದೆಯೆಂದು ಸಮಾಧಾನಪಟ್ಟುಕೊಂಡ ಮೇಲೆಯೇ ನೋಟುಗಳು ಜೇಬು ಸೇರಿದ್ದು. ಸ್ವರ ಹೊರಡಿಸುವ ಕಂಬಗಳನ್ನು ಮುಟ್ಟುವಂತಿಲ್ಲ. ಅದು ಒಳ್ಳೆಯದೇ, ನಾವು ವಿದ್ಯಾರ್ಥಿಗಳಾಗಿದ್ದಾಗ ಅವನ್ನು ಕುಟ್ಟಿದ ಪಾಪ ನಮ್ಮ ಬೆರಳುಗಳಲ್ಲಿ ಇನ್ನೂ ಇದೆ.

ರಾಜಾವರಣದಲ್ಲಿ ತಲೆ ಎಣಿಸಿದಾಗ ಮೂವರು ಕಡಿಮೆಯಾದರು. ಹುಡುಕಿಕೊಂಡು ಹೋದರೆ ಮೂವರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕಪ್ಪುಕಲ್ಲಿನ ಪುಷ್ಕರಣಿಯ ಬಳಿ, ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಯ ಕೆಳಗೆ ನಿಂತಿದ್ದಾರೆ. ಕಂಬಗಳ ಮೇಲೆ ಕಲ್ಲಿನ ಹಾಸುಗಳನ್ನು ಒಂದಕ್ಕೊಂದು ಕೂಡಿಸಿ, ನಡುವೆ ತೋಡಿ, ನೆಲಕ್ಕಿಂತ ಎತ್ತರದಲ್ಲಿ ನೀರನ್ನು ನಡೆಸಿದ ಆ ಏರ್ಪಾಡನ್ನು ಅವರು ಅಂಗೈಯಿಂದ ತಡವಿ ನೋಡುತ್ತಿದ್ದರು. ಇಳಿಜಾರು ಎಷ್ಟು ಕೊಟ್ಟಿರಬಹುದು, ಕೂಡುಗೀಲಿನಲ್ಲಿ ಸೋರದಂತೆ ಏನು ಮೆತ್ತಿದ್ದರು, ಎಂದು ಅವರೊಳಗೇ ಚರ್ಚೆ. ನನ್ನನ್ನು ಕೇಳಿದರು, ನನಗೆ ತಿಳಿದಿರಲಿಲ್ಲ. ಆ ಕೊಳಕ್ಕೆ ನಾನು ಹತ್ತು ಸಲವಾದರೂ ಹೋಗಿದ್ದೇನೆ; ಒಮ್ಮೆಯೂ ಹೀಗೆ ಕೇಳಿಕೊಂಡಿರಲಿಲ್ಲ. ಆಮೇಲೆ ದಾರಿಯಲ್ಲಿ ಬಾಳೆಯ ತೋಟ, ಭತ್ತದ ಗದ್ದೆ ಕಂಡು ಈ ನೀರೆಲ್ಲಿಯದೆಂದು ವಿಚಾರಿಸಿದರು. ತುರ್ತು ಕಾಲುವೆ ವಿಜಯನಗರದ ಅರಸರ ಕಾಲದ್ದು, ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ ಎಂದಾಗ ಬಸ್ಸಿನಲ್ಲಿ ಒಂದು ಕ್ಷಣ ಮಾತು ನಿಂತಿತು. ಬೆಳಗ್ಗೆಯಿಂದ ನಾನು ಹೇಳಿದ ಯಾವ ಇಸವಿಗೂ ಅಂಥ ಗೌರವ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಆಗುವ ಮೊದಲೇ, ಬೆಳಗ್ಗೆ ವಿರೂಪಾಕ್ಷನ ಗುಡಿಯಿಂದ ಹೊರಬಂದಾಗ ನಡೆದ ಒಂದು ಮಾತನ್ನು ಹೇಳಬೇಕು. ಹೇಳುವುದಕ್ಕೆಂದೇ ಈ ಭಾಷಣಕ್ಕೆ ಒಪ್ಪಿಕೊಂಡಿದ್ದೇನೆ.

ಗುಡಿಯ ಮುಂದೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ರಥಬೀದಿ. ಎರಡು ಪಕ್ಕಗಳಲ್ಲಿ ಸಾಲು ಮಂಟಪಗಳು, ಆ ತುದಿಯಲ್ಲಿ ಎದುರು ಬಸವಣ್ಣ. ಗುಂಪು ಮುಂದೆ ಹೋಯಿತು. ಅತ್ತಿಗೆ ನಡೆಯಲಾರದೆ ಒಂದು ಮಂಟಪದ ಕಟ್ಟೆಯ ಮೇಲೆ ಕುಳಿತರು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, "ಅಲ್ಲ ಕಣಪ್ಪಾ, ಇಲ್ಲಿದ್ದ ಮಂದಿ ಎಲ್ಲಿಗೆ ಹೋದ್ರು?" ಎಂದರು.

ನನಗೆ ಸಂತೋಷವಾಯಿತು. ಅಂದಿನವರೆಗೆ ಯಾರೂ ಕೇಳದ ಪ್ರಶ್ನೆ! 1565ರ ಯುದ್ಧ, ರಾಮರಾಯನ ಅಂತ್ಯ, ರಾಜಪರಿವಾರ ಆನೆಗಳ ಮೇಲೆ ಬೊಕ್ಕಸ ಹೇರಿಕೊಂಡು ಪೆನುಗೊಂಡೆಗೆ ಹೊರಟದ್ದು, ಎಲ್ಲವನ್ನೂ ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ಅತ್ತಿಗೆ ಕೊನೆಯವರೆಗೂ ಕೇಳಿದರು. ಆಮೇಲೆ, "ಅವರಲ್ಲಪ್ಪ. ಈ ಕಂಬದ ಮನೇಲಿ ಒಬ್ಬಾಕೆ ಬಳೆ ಮಾರ್ತಿದ್ಲು. ನಂಗೆ ಹಸಿರು ಬಳೆ ತೊಡಿಸಿ, ಕುಡಿಯೋಕೆ ನೀರು ಕೊಟ್ಟಿದ್ಲು. ಒಳಗೆ ಒಲೆ ಉರೀತಿತ್ತು. ಆಕೆ ಮಗು ಇಲ್ಲೇ ಜೋಲೀಲಿ ಮಲಗಿತ್ತು. ಅವರೆಲ್ಲ ಎಲ್ಲಿಗೆ ಹೋದ್ರು ಅಂತ," ಎಂದರು.

ಉತ್ತರ ನನಗೆ ಗೊತ್ತಿತ್ತು. 2011ರ ಜುಲೈ ತಿಂಗಳಲ್ಲಿ ಈ ಬೀದಿಯ ಮನೆಗಳನ್ನೂ ಅಂಗಡಿಗಳನ್ನೂ ತೆರವು ಮಾಡಲಾಯಿತು. ಮಂಟಪಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ನೂರಾರು ಕುಟುಂಬಗಳು ಬೇರೆಡೆಗೆ ಹೋಗಬೇಕಾಯಿತು. ಹೊಸಪೇಟೆಯ ದಾರಿಯಲ್ಲಿರುವ ಕಡ್ಡಿರಾಂಪುರದ ಬಳಿ ಅವರಿಗೆ ನಿವೇಶನಗಳನ್ನು ಗೊತ್ತುಮಾಡಲಾಯಿತು. ಅದಕ್ಕೆ ಕಾರಣಗಳಿರಲಿಲ್ಲವೆಂದು ಹೇಳಲಾರೆ. ಕೆತ್ತನೆಯ ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎದ್ದಿತ್ತು, ಮಂಟಪಗಳ ನೆತ್ತಿಯ ಮೇಲೆ ಮಹಡಿಗಳು ಬಂದಿದ್ದವು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿಯೂ ಇದ್ದು ಬಂದದ್ದು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ತರಗತಿಯಲ್ಲಿ, ಇನ್ನು ಮೇಲೆ ಹಂಪೆಯ ಬಜಾರನ್ನು ಅದರ ನಿಜರೂಪದಲ್ಲಿ ಕಾಣಬಹುದು ಎಂದು ಹೇಳಿದ್ದೆ. ಹಿಗ್ಗಿನಿಂದಲೇ ಹೇಳಿದ್ದೆ. ಬಜಾರಿನ ನಿಜರೂಪವೆಂದರೆ ಬಿಕೋ ಎನ್ನುವ ಕಂಬಗಳೇ ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ಅತ್ತಿಗೆಗೆ ಉತ್ತರ ಹೇಳಿದೆ. "ಹಾಗಾದ್ರೆ ನಾನು ನೋಡಿದಾಗ ಊರು ಹಾಳಾಗಿರಲಿಲ್ಲ ಅನ್ನು," ಎಂದು ಅವರು ಮೇಲೆದ್ದರು.

ಹಾಳು ಹಂಪೆ ಎಂಬ ಮಾತು ನಮ್ಮ ನಾಲಗೆಗೆ ಎಷ್ಟು ಸಲೀಸಾಗಿ ಬರುತ್ತದೆ! ಆ ಹಾಳಿನೊಳಗೇ ನಾಲ್ಕು ಶತಮಾನಗಳ ಬಳಿಕವೂ ಒಲೆ ಉರಿಸಿದವರಿದ್ದರೆಂಬುದು ನಮ್ಮ ಪಠ್ಯಗಳಲ್ಲಿ ಇಲ್ಲ.

ಮಧ್ಯಾಹ್ನ ಚಕ್ರತೀರ್ಥದ ಬಳಿ ಊಟ ಮುಗಿಸಿ ಹರಿಗೋಲು ಹತ್ತಿದೆವು. ನೀರು ಕಾಣದ ಊರಿನವರಿಗೆ ಇದೇ ಪ್ರವಾಸದ ತಿರುಳು. 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಬುಟ್ಟಿಯಂತೆ ದುಂಡಾದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರಂತೆ. ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಬಿದಿರಿನ ಹೆಣಿಗೆ ಮಾತ್ರ ಅದೇ. ನಾವು ಕೆಲಕೆಲವರಾಗಿ ಹಂಚಿಕೊಂಡು ಕುಳಿತೆವು. ಅಂಬಿಗ ಹುಟ್ಟಿನಿಂದ ಗಿರ್ರನೆ ತಿರುಗಿಸಿದಾಗ ಹೆಂಗಸರ ಕೂಗು ಬಂಡೆಗಳಿಗೆ ಬಡಿದು ಮರಳಿ ಬಂತು. ನೀರಂಚಿನ ಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ ಲಿಂಗಗಳನ್ನು ತೋರಿಸಿದ. ಅತ್ತಿಗೆ ಅವನ್ನು ನೋಡಲಿಲ್ಲ. ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಹಾಗೆಯೇ ಕುಳಿತಿದ್ದರು. ಬುಟ್ಟಿ ತಿರುಗುವಾಗ ಎದುರಿನ ದಡವೂ ಹಿಂದಿನ ದಡವೂ ಒಂದರ ಬೆನ್ನಿಗೊಂದು ಬಂದು ಹೋಗುತ್ತಿದ್ದವು.

ಆನೆಗೊಂದಿಯ ಕಡೆ ಹೋಗಬೇಕೆಂದು ಹಟ ಹಿಡಿದದ್ದು ಗುಂಪಿನ ಹುಡುಗರು. ಅಂಜನಾದ್ರಿಯ ಮೆಟ್ಟಿಲು ಹತ್ತಬೇಕೆಂಬುದು ಅವರ ಆಸೆ. ನನ್ನ ಪಟ್ಟಿ ಮುರಿದುಬಿತ್ತು. ಬುಕ್ಕಸಾಗರದ ಸೇತುವೆಯ ಮೇಲೆ ಹೊಳೆ ದಾಟಿದೆವು. ಅದಕ್ಕೂ ಮೊದಲು ತಳವಾರಘಟ್ಟದಲ್ಲಿ ಒಂದು ತೂಗುಸೇತುವೆ ಏಳುತ್ತಿತ್ತು. ತಾಣದ ಅಂದ ಕೆಡಿಸುತ್ತದೆಂಬ ಆಕ್ಷೇಪದಿಂದ ವರ್ಷಗಟ್ಟಲೆ ನಿಂತು, ಮತ್ತೆ ಮುಂದುವರಿದು, 2009ರ ಜನವರಿಯಲ್ಲಿ ಕುಸಿಯಿತು, ಕೆಲಸಗಾರರು ಸತ್ತರು. ಆಸ್ಪತ್ರೆಗೆ, ಸಂತೆಗೆ, ಶಾಲೆಗೆ ಹೊಳೆ ದಾಟಬೇಕಾದವರ ಕಣ್ಣಿಗೂ ನಮ್ಮಂಥ ನೋಟಕರ ಕಣ್ಣಿಗೂ ಸೇತುವೆ ಒಂದೇ ಆಗಿ ಕಾಣುವುದಿಲ್ಲ.

ಹುಡುಗರು ಬೆಟ್ಟ ಹತ್ತುವಷ್ಟು ಹೊತ್ತು ಉಳಿದವರು ಆನೆಗೊಂದಿಯ ಬೀದಿಯಲ್ಲಿ ಅಡ್ಡಾಡಿದೆವು. ವಿಜಯನಗರಕ್ಕಿಂತ ಹಿರಿಯ ಊರು. ಕೋಟೆಯ ಬಾಗಿಲು, ಗಗನ ಮಹಲು, ರಂಗನಾಥನ ಗುಡಿ. ಅವುಗಳ ಸುತ್ತ ಮನೆ, ದನ, ಒಣಗಲು ಹಾಕಿದ ಮೆಣಸಿನಕಾಯಿ, ಸೈಕಲ್ಲು ಕಲಿಯುವ ಹುಡುಗಿ. ಬಾಳೆಯ ದಿಂಡಿನಿಂದ ನಾರು ತೆಗೆದು ಹುರಿಮಾಡಿ ಬುಟ್ಟಿ ಹೆಣೆಯುವ ಹೆಂಗಸರು ಇಲ್ಲಿದ್ದಾರೆ. ಹೊಳೆಯಂಚಿನ ಹಳೆಯ ಊರುಗಳನ್ನು ಜನರಿರುವಂತೆಯೇ ಕಾಪಾಡಬೇಕೆಂಬ ಯೋಚನೆ ಬೇರೆ ದೇಶಗಳಲ್ಲಿಯೂ ಇದೆ. ಲಾವೋಸಿನ ಮೆಕಾಂಗ್ ನದಿಯ ದಂಡೆಯ ಲುವಾಂಗ್ ಪ್ರಬಾಂಗ್ 1995ರಲ್ಲಿ, ವಿಯೆಟ್ನಾಮಿನ ಹೋಯ್ ಆನ್ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿ ಮನೆಗಳನ್ನು ಕೆಡವಲಿಲ್ಲ, ನಿಜ. ಆದರೆ ಪ್ರವಾಸಿಗರ ದುಡ್ಡು ಹೆಚ್ಚಿದಂತೆ ಲುವಾಂಗ್ ಪ್ರಬಾಂಗಿನ ಎಷ್ಟೋ ಜನ ಮನೆಗಳನ್ನು ವಸತಿಗೃಹಗಳಿಗೆ ಬಿಟ್ಟುಕೊಟ್ಟು ಊರಾಚೆಗೆ ಹೋಗಿದ್ದಾರೆ. ಒಂದು ಕಡೆ ಕಾಯ್ದೆ ಜನರನ್ನು ಕಳಿಸಿತು, ಇನ್ನೊಂದು ಕಡೆ ಬಾಡಿಗೆ ಕಳಿಸಿತು. ಎರಡಕ್ಕೂ ಕಾರಣ ನಾವು ನೋಡಲು ಹೋದದ್ದೇ ಅಲ್ಲವೇ ಎಂಬ ಅಳುಕು ನನಗೆ ಆ ಬೀದಿಯಲ್ಲಿ ಬಂತು.

ಅತ್ತಿಗೆ ಅಷ್ಟರಲ್ಲಿ ಒಂದು ಮನೆಯ ಜಗುಲಿಯ ಮೇಲೆ ಕುಳಿತು, ಆ ಮನೆಯಾಕೆಯೊಡನೆ ಮಾತಿಗೆ ತೊಡಗಿದ್ದರು. ತಂಬಿಗೆಯಲ್ಲಿ ನೀರು ಬಂದಿತ್ತು. ನಾನು ಹೋದಾಗ, "ಈಕೆಯ ನಾದಿನಿ ಹಂಪಿ ಬಜಾರದಾಕೆಯೇ ಅಂತೆ. ಈಗ ಕಡ್ಡಿರಾಂಪುರದ ಹತ್ತಿರ ಅಂಗಡಿ ಇಟ್ಟಾಳಂತೆ. ಹೋಗ್ತಾ ಒಂದ್ ಗಳಿಗೆ ನಿಲ್ಸೋಕಾಗುತ್ತಾ?" ಎಂದರು. ಬಳೆ ಮಾರುತ್ತಿದ್ದವಳ ವಿಚಾರ ಆಕೆಗೆ ಗೊತ್ತಿರಬಹುದೆಂಬ ಆಸೆ.

ಹೊತ್ತು ಮೀರಿತ್ತು. ಹುಡುಗರು ಬೆಟ್ಟದಿಂದ ಇಳಿದಿರಲಿಲ್ಲ. ಅಣೆಕಟ್ಟೆಯ ಉದ್ಯಾನದ ಬಣ್ಣದ ಕಾರಂಜಿಗಾಗಿ ಮಕ್ಕಳು ಬೆಳಗ್ಗೆಯಿಂದ ಕಾಯುತ್ತಿದ್ದರು. ನಾನು ಗಡಿಯಾರ ನೋಡಿಕೊಂಡು, "ಈ ಸಲ ಆಗೋದಿಲ್ಲ ಅತ್ತಿಗೆ, ನಲವತ್ತೆರಡು ಜನರ ವಿಷಯ," ಎಂದೆ. ಅವರು ಸರಿ ಎಂದರು. ಬಸ್ಸು ಅವರು ಕೇಳಿದ ಆ ದಾರಿಯಲ್ಲಿಯೇ ಹೋಯಿತು. ಕತ್ತಲೆಯಲ್ಲಿ ಅಂಗಡಿಗಳ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಅತ್ತಿಗೆ ಕಿಟಕಿಯ ಕಡೆ ತಿರುಗಿ ಕುಳಿತಿದ್ದರು. ನಾನು ಮುಂದಿನ ಸೀಟಿನಲ್ಲಿ ತಲೆ ಎಣಿಸುವ ನೆವದಲ್ಲಿ ಎದ್ದುನಿಂತೆ. ಕಾರಂಜಿಯನ್ನು ಹತ್ತು ನಿಮಿಷ ನೋಡಿದೆವು. ಲೆಕ್ಕಕ್ಕೆ ಸರಿಯಾಗಿ ನಲವತ್ತೆರಡು ಮಂದಿಯನ್ನೂ ಊರಿಗೆ ಮುಟ್ಟಿಸಿದೆ. ಮೇಷ್ಟ್ರ ಏರ್ಪಾಡು ಅಚ್ಚುಕಟ್ಟು ಎಂದು ಎಲ್ಲರೂ ಹೊಗಳಿದರು.

ತಿಂಗಳು ಕಳೆದ ಮೇಲೆ ಅತ್ತಿಗೆಯನ್ನು ನೋಡಲು ಹೋದೆ. ಚೈತ್ರದ ತೇರಿಗೆ ಮತ್ತೊಮ್ಮೆ ಬಸ್ಸು ಮಾಡೋಣವೇ, ಈ ಸಲ ಕಡ್ಡಿರಾಂಪುರವನ್ನೂ ಪಟ್ಟಿಯಲ್ಲಿ ಸೇರಿಸುತ್ತೇನೆ ಎಂದೆ. ಅವರು ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಿ, "ಪಟ್ಟಿ ಬ್ಯಾಡಪ್ಪ. ಅಷ್ಟು ಜನವೂ ಬ್ಯಾಡ. ಸರ್ಕಾರಿ ಬಸ್ಸಿನಾಗೆ ನಾವಿಬ್ಬರು ಹೋಗಿ ಬರಾಣ. ಒಂದಿನ ಅಲ್ಲೇ ಉಳಿದರೂ ಆತು," ಎಂದರು.

ಹೊಸಪೇಟೆಯ ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡು ಬಂದಿದ್ದೇನೆ. ಬೆಳಗ್ಗೆ ಬೇಗನೆ ದುರ್ಗಕ್ಕೆ ಹೋಗಿ ಹತ್ತಬೇಕು.