ಗಟ್ಟಿತನದ ಪರೀಕ್ಷೆ

ಹಳೆಯದೆಲ್ಲವೂ ಗಟ್ಟಿ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ; ಆಡಿಯೂ ಇದ್ದೇವೆ. ಅಜ್ಜನ ಕಾಲದ ತೊಲೆಬಾಗಿಲು, ತಾಮ್ರದ ಹಂಡೆ, ಸೈನ್ಯದವರು ಬಳಸಿ ಬಿಟ್ಟ ಲಾರಿ, ಎಲ್ಲಕ್ಕೂ ಅದೇ ಹೊಗಳಿಕೆ. ನಾನೂ ಹಾಗೆಯೇ ನಂಬಿದ್ದವನು. ಆ ನಂಬಿಕೆ ಅಲುಗಿದ್ದು ಯಾವ ಗ್ರಂಥದಿಂದಲೂ ಅಲ್ಲ, ಹರಿಹರದ ಒಂದು ಗ್ಯಾರೇಜಿನಲ್ಲಿ.

ದಾವಣಗೆರೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಲೆನಾಡಿನ ತೋಟಗಳಿಂದ ಮರ ಸಾಗಿಸಲೆಂದು ಶಕ್ತಿಮಾನ್ ಲಾರಿಯೊಂದನ್ನು ಕೊಳ್ಳಹೊರಟ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯ ಮೇಲೆ 1950ರ ದಶಕದ ಕೊನೆಯಲ್ಲಿ ಜಬಲ್‌ಪುರದಲ್ಲಿ ತಯಾರಾಗತೊಡಗಿದ ಲಾರಿ ಅದು. ತಯಾರಿಕೆ ನಿಂತೇ ದಶಕಗಳಾದವು. ಹೆಂಡತಿಯ ಒಡವೆ ಅಡವಿಟ್ಟು ಹಣ ಹೊಂದಿಸಿದ್ದ. ಧೈರ್ಯಕ್ಕೆಂದು ನನ್ನನ್ನು ಜೊತೆಗೆ ಕರೆದೊಯ್ದ.

ಗ್ಯಾರೇಜಿನ ಹಿರಿಯ ಮೇಸ್ತ್ರಿ ಲೇತಿನ ಮುಂದೆ ಬೆಳೆದವರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಂದಿನಿಂದ ಹರಿಹರದಲ್ಲಿ ಅಂಥ ಕೈಗಳಿಗೆ ಕೊರತೆಯಿರಲಿಲ್ಲ. ಕಾರ್ಖಾನೆ ಮುಚ್ಚಿದರೂ ಆ ಕೈಗಳ ಅರಿವು ಅಳಿದಿಲ್ಲ. ಅವರು ಹೊಸ ಬಣ್ಣವನ್ನಾಗಲಿ ಎಂಜಿನ್ನಿನ ಗರ್ಜನೆಯನ್ನಾಗಲಿ ಲೆಕ್ಕಿಸದೆ ನೇರವಾಗಿ ಲಾರಿಯ ಅಡಿಗೆ ನುಸುಳಿದರು. ಅಲ್ಲಿರುವುದು ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನಿಂದ ಬಂದ ಒಂದೇ ಬಲವನ್ನು ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಹಂಚುವ ಪೆಟ್ಟಿಗೆ. ಒಂದೇ ಮೂರ್ತಿಯಲ್ಲಿ ಹರಿಯನ್ನೂ ಹರನನ್ನೂ ಕಾಣುವ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೇಸ್ತ್ರಿ ಮೊದಲು ಪೆಟ್ಟಿಗೆಯ ಎಣ್ಣೆಯನ್ನು ತಟ್ಟೆಗೆ ಇಳಿಸಿದರು. ಎಣ್ಣೆ ಕಪ್ಪಾದರೆ ಹೆದರಬೇಕಾಗಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಬೂದಿಯಂಥ ನುಣುಪು ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿಯುತ್ತಿದೆ. ಬಳಿಕ ಪೆಟ್ಟಿಗೆಯಿಂದ ಹೊರಬರುವೆಡೆಯಲ್ಲಿ ಶಾಫ್ಟನ್ನು ಹಿಡಿದರು. ತಿರುಗಿಸಿದಾಗ ತುಸು ಸಡಿಲವಿದ್ದರೆ ಅದು ಹಲ್ಲುಗಳ ನಡುವಣ ಅಂತರ. ಮೇಲೆ ಕೆಳಗೆ ಅಲುಗಿದರೆ ಬೇರಿಂಗ್ ಸೋತಿದೆ. ಕೊನೆಗೆ ಭಾರ ಹೇರಿಸಿ, ತುಂಗಭದ್ರೆಯ ದಂಡೆಯ ಏರಿನಲ್ಲಿ ಲೋ ಗೇರಿಗೆ ಹಾಕಿ ಹತ್ತಿಸಿದರು. ನಡು ಏರಿನಲ್ಲಿ ಲಿವರ್ ತಾನಾಗಿಯೇ ಹಾರಿ ಹೊರಬಂತು. ತಟ್ಟೆಯಲ್ಲಿ ಚೂರುಗಳೂ ಇದ್ದವು.

"ಮಿಲಿಟರಿ ಮಾಲು ಇಷ್ಟು ಬೇಗ ಕೆಡುತ್ತದೆಯೆ?" ಎಂದೆ.

"ಯಾರೋ ಟಾರು ರಸ್ತೆಯಾಗೂ ನಾಲ್ಕೂ ಗಾಲಿಗೆ ಹಾಕ್ಕೊಂಡೇ ಓಡಿಸಿರಬೇಕು, ಸಾರ್," ಎಂದರು ಅವರು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವೂ ಕ್ರಮಿಸುವ ದೂರ ಒಂದೇ ಅಲ್ಲ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ತೀರುತ್ತದೆ. ಒಣ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಆ ಬಿಗಿತವೆಲ್ಲ ಪೆಟ್ಟಿಗೆಯ ಹಲ್ಲುಗಳ ಮೇಲೆ ಬೀಳುತ್ತದೆ. ಬಳಿಕ ಅವರೇ ಸೇರಿಸಿದರು: "ಓಡ್ತಿರೋ ಲಾರಿ ನೋಡಿ ಹಳೇದು ಗಟ್ಟಿ ಅಂತೀರಿ. ಗುಜರಿಗೆ ಹೋದವನ್ನ ಎಣಿಸಿದವರು ಯಾರದಾರ್ರಿ?"

ಈ ಮಾತು ನನ್ನನ್ನು ತರಗತಿಗೆ ಮರಳಿಸಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಮೊದಲನೆಯದು. ಅದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕೃತಿಗಳು ನಮಗೆ ದೊರೆತಿಲ್ಲ. ಆದರೂ ಉಳಿದುಬಂದ ಕೆಲವನ್ನೇ ಮುಂದಿಟ್ಟುಕೊಂಡು ಆ ಕಾಲದ ಬರಹವೆಲ್ಲ ಶ್ರೇಷ್ಠವೆಂದು ನಾನು ವರ್ಷಗಟ್ಟಲೆ ಪಾಠ ಹೇಳಿದೆ. ಅಳಿದವುಗಳಲ್ಲಿ ಉತ್ತಮವಾದವೂ ಇದ್ದಿರಬಹುದು, ಸಾಧಾರಣವಾದವೂ ಇದ್ದಿರಬಹುದು. ಉಳಿದದ್ದು ಅಳಿದದ್ದರ ಪರವಾಗಿ ಸಾಕ್ಷಿ ನುಡಿಯಲಾರದು.

ವಯಸ್ಸು ಗುಣವಲ್ಲ, ಹೆಸರು ಪ್ರಮಾಣವಲ್ಲ. ಎದುರಿಗಿರುವ ವಸ್ತುವನ್ನೇ ಬಿಚ್ಚಿ ನೋಡಬೇಕು. ಯಾರ ಕೈಯಲ್ಲಿ ಹೇಗೆ ಬಾಳಿತೆಂದು ಕೇಳಬೇಕು. ನನ್ನ ವಿದ್ಯಾರ್ಥಿ ಆ ಲಾರಿಯನ್ನು ಕೊಳ್ಳಲಿಲ್ಲ. ಮರುದಿನವೇ ಒಡವೆ ಬಿಡಿಸಿ ತಂದನೆಂದು ಅವನ ಹೆಂಡತಿ ನನಗೆ ಹೇಳಿಕಳುಹಿಸಿದಳು. ಕೃತಜ್ಞತೆ ಸಲ್ಲಬೇಕಾದದ್ದು ನನಗಲ್ಲ, ಎಣ್ಣೆಯ ತಟ್ಟೆಯಲ್ಲಿ ಬೆರಳಾಡಿಸಿದ ಆ ಮೇಸ್ತ್ರಿಗೆ.