ಮಂಜಿನ ನಾಡಿನಲ್ಲಿ ಬೆಳಕಿನ ಮೇಲೆ ಸುದ್ದಿ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



2018ರ ಆಗಸ್ಟ್ ತಿಂಗಳಲ್ಲಿ ಬೆಟ್ಟ ಕುಸಿದು ಜೋಡುಪಾಲ, ಮಕ್ಕಂದೂರು ಕಡೆಯ ರಸ್ತೆಗಳು ಹೋದುದನ್ನು ನೀವು ಯಾರೂ ಮರೆತಿಲ್ಲ. ರಸ್ತೆ ಕುಸಿದರೆ ಅದರ ಬದಿಯಲ್ಲಿ ಹೂತ ತಂತಿಯೂ ತುಂಡಾಗುತ್ತದೆ. ಆಗ ಸುದ್ದಿ ಹೋಗುವುದು ಹೇಗೆ? ತಂತಿಯನ್ನು ಹೂಳದೆ, ಎಳೆಯದೆ, ಒಂದು ಬೆಟ್ಟದಿಂದ ಇನ್ನೊಂದಕ್ಕೆ ಬೆಳಕಿನ ಮೇಲೆಯೇ ಸುದ್ದಿ ಕಳಿಸುವ ಯಂತ್ರವೊಂದಿದೆ. ಅದು ನಮಗೆ ಒದಗೀತೇ ಎಂಬುದನ್ನು ಈ ದಿನ ನೋಡೋಣ.

ರಾತ್ರಿ ಆನೆ ಬಂದರೆ ಎದುರು ತೋಟದವರಿಗೆ ಟಾರ್ಚನ್ನು ಹೊತ್ತಿಸಿ ಆರಿಸಿ ಸನ್ನೆ ಮಾಡುವುದಿಲ್ಲವೇ? ಇದೂ ಹಾಗೆಯೇ. ಟಾರ್ಚಿನ ಬದಲು ಇಲ್ಲಿ ಗ್ಯಾಲಿಯಂ, ಇಂಡಿಯಂ ಮುಂತಾದ ಧಾತುಗಳನ್ನು ಸೇರಿಸಿ ಮಾಡಿದ, ಮರಳಿನ ಕಣದಷ್ಟು ಚಿಕ್ಕ ಅರೆವಾಹಕ ಹರಳು. 1962ರಲ್ಲಿ ಅಮೆರಿಕದ ರಾಬರ್ಟ್ ಹಾಲ್ ಎಂಬವರು ಇಂಥ ಹರಳಿನಿಂದ ಲೇಸರ್ ಬೆಳಕು ಹೊರಡಿಸಿದರು. ವಿದ್ಯುತ್ತು ಹೆಚ್ಚಿಸಿದರೆ ಬೆಳಗುತ್ತದೆ, ತಗ್ಗಿಸಿದರೆ ಮಂಕಾಗುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಸಲ ಹೀಗೆ ಮಾಡಬಹುದು! ಮಸೂರದಿಂದ ಹೊರಟ ಕಿರಣ ಒಂದು ಕಿಲೋಮೀಟರ್ ಸಾಗಿದ ಮೇಲೂ ಸುಮಾರು ಒಂದು ಮೀಟರಿನಷ್ಟೇ ಹರಡುವಂತೆ ಮಾಡಬಹುದು. ಆಚೆಯ ಮಸೂರ ಅದನ್ನು ಹಿಡಿದು ಕೊಟ್ಟರೆ, ಅದರ ಹಿಂದಿನ ಬೆಳಕು-ಗ್ರಾಹಕ ಅದನ್ನು ಮತ್ತೆ ವಿದ್ಯುತ್ತಾಗಿಸುತ್ತದೆ.

ಆಫ್ರಿಕದಲ್ಲಿ ಕಾಂಗೋ ನದಿಯ ಎರಡು ದಡಗಳಲ್ಲಿರುವ ಬ್ರಾಝವಿಲ್, ಕಿನ್ಶಾಸ ನಗರಗಳ ನಡುವೆ, ಸುಮಾರು 5 ಕಿಲೋಮೀಟರ್ ದೂರ, ತಾರಾ ಎಂಬ ಯೋಜನೆಯವರು 2021ರಲ್ಲಿ ಹೀಗೆ ಇಂಟರ್‌ನೆಟ್ ಸಾಗಿಸಿದರು. ತಂತಿಯಾದರೋ 400 ಕಿಲೋಮೀಟರಿಗೂ ಹೆಚ್ಚು ಬಳಸಿ ಬರಬೇಕಾಗಿತ್ತು.

ಆದರೆ ಕಾಂಗೋ ಬೇರೆ, ಕೊಡಗು ಬೇರೆ. ಈ ಕಿರಣಕ್ಕೆ ಮಳೆಗಿಂತ ಮಂಜೇ ದೊಡ್ಡ ಶತ್ರು. ಮಳೆಹನಿ ದೊಡ್ಡದು, ವಿರಳ. ಮಂಜಿನ ಹನಿ ಬಹು ಸಣ್ಣದು, ಆದರೆ ಲೆಕ್ಕವಿಲ್ಲದಷ್ಟು, ಬೆಳಕನ್ನೆಲ್ಲ ಚದುರಿಸಿಬಿಡುತ್ತದೆ. ಎದುರು ಬೆಟ್ಟ ನಿಮ್ಮ ಕಣ್ಣಿಗೆ ಕಾಣದಿದ್ದರೆ ಕಿರಣವೂ ಅಲ್ಲಿಗೆ ತಲಪದೆಂದೇ ತಿಳಿಯಿರಿ. ತೊಡಕೇನೆಂದರೆ, ನಮ್ಮಲ್ಲಿ ಬೆಟ್ಟ ಕುಸಿಯುವುದೂ ಮಂಜು ಕವಿಯುವುದೂ ಒಂದೇ ಕಾಲದಲ್ಲಿ. ರೇಡಿಯೋ ಅಲೆಗೆ ಮಂಜಿನ ಹೆದರಿಕೆ ಅಷ್ಟಿಲ್ಲ. ಆದುದರಿಂದ ಲೇಸರೊಂದನ್ನೇ ನಂಬಿ ಕೂರಬಾರದು, ಜೊತೆಗೆ ರೇಡಿಯೋ ಇರಲೇಬೇಕೆಂದು ನನ್ನ ಅಭಿಪ್ರಾಯ. ಕಂಬ ಅಲುಗಿದರೂ ಕಿರಣ ಗುರಿ ತಪ್ಪುತ್ತದೆ. ಇನ್ನು ನಮ್ಮ ಸಿಲ್ವರ್ ಓಕ್ ಮರಗಳು! ಈ ವರ್ಷ ಬಿಟ್ಟ ದಾರಿಗೆ ಮೂರು ವರ್ಷದಲ್ಲಿ ಅಡ್ಡ ಬಂದಾವು.

ಯಾರಾದರೂ ಯಂತ್ರ ತರುವ ಮೊದಲು ನಾವೇ ಮಾಡಬಹುದಾದ ಕೆಲಸವೊಂದಿದೆ. ಮಳೆಯ ಅಳತೆ ಬರೆದಿಡುವ ಪುಸ್ತಕ ನಮ್ಮಲ್ಲಿ ಬಹಳ ಮನೆಗಳಲ್ಲಿ ಉಂಟು. ಜೂನಿನಿಂದ ಸೆಪ್ಟೆಂಬರ್ ತನಕ ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 5 ಗಂಟೆಗೆ ಎದುರು ಬೆಟ್ಟ ಕಂಡಿತೇ ಇಲ್ಲವೇ ಎಂದು ಅದರಲ್ಲಿಯೇ ಗುರುತು ಹಾಕಿ. ಅಕ್ಟೋಬರ್ ತಿಂಗಳ ಸಭೆಗೆ ಬರುವಾಗ ಆ ಪುಸ್ತಕವನ್ನು ತನ್ನಿ.