ಸೆಪ್ಟೆಂಬರ್ 8ರ ತೆನೆ



ಆಟಿ ಕಳೆದು ಸೋಣ ತಿಂಗಳು ಬಂದಿತೆಂದರೆ ಕರಾವಳಿಯಲ್ಲಿ ಮಳೆಯ ಬಿರುಸು ತಗ್ಗುವುದು. ಹಿಂದೂ ಮನೆಗಳಲ್ಲಿ ಹೊಸ್ತಿಲ ಪೂಜೆ ನಡೆಯುತ್ತಿರುವ ಆ ದಿನಗಳಲ್ಲಿಯೇ, ಆಗಸ್ಟ್ 30ರಿಂದ, ಕೊಂಕಣಿ ಕಥೋಲಿಕರ ಚರ್ಚುಗಳಲ್ಲಿ ಒಂಬತ್ತು ದಿನಗಳ ನೊವೇನ ಪ್ರಾರಂಭವಾಗುತ್ತದೆ. ಮಕ್ಕಳು ಬೇಲಿಯ ದಾಸವಾಳ, ಅಂಗಳದ ರತ್ನಗಂಧಿ, ಗುಡ್ಡದ ಅಂಚಿನಲ್ಲಿ ಸಿಕ್ಕಿದ ಕಾಡುಹೂ ಎಲ್ಲವನ್ನೂ ಬುಟ್ಟಿ ತುಂಬಿ ತಂದು ಬಾಲಮರಿಯಮ್ಮನ ಪ್ರತಿಮೆಗೆ ಅರ್ಪಿಸುವರು. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಅದೇ ತೆನೆ ಹಬ್ಬ, ಕೊಂಕಣಿಯಲ್ಲಿ ಮೊಂತಿ ಫೆಸ್ತ್.

ಗುಡ್ಡಗಾಡಿನ ಕೇಳುಗರಿಗೆ ಈ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಪೋರ್ಚುಗೀಸ್ ಭಾಷೆಯಲ್ಲಿ 'ಮೊಂತೆ' ಎಂದರೆ ಗುಡ್ಡ. ಮಂಗಳೂರಿನ ಸಮೀಪದ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡದ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಹಳೆಯ ಚರ್ಚು ಉಂಟು. ಗೋವಾದ ಗುರುವಾದ ಜೋಕಿಮ್ ಮಿರಾಂದರು 1763ರಲ್ಲಿ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂಬುದು ಪರಂಪರೆಯ ಹೇಳಿಕೆ. ಹೀಗೆ ಗದ್ದೆಯ ಬೆಳೆಯ ಹಬ್ಬಕ್ಕೆ ಗುಡ್ಡದ ಹೆಸರು ಉಳಿದುಕೊಂಡಿತು.

ಹಬ್ಬದ ಬೆಳಿಗ್ಗೆ ತೆನೆಯ ಕಟ್ಟುಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚಿಗೆ ತಂದು, ಬಲಿಪೂಜೆಯ ಬಳಿಕ ಮನೆಗೊಂದು ಪಾಲಿನಂತೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ದೇವರ ಪೀಠದ ಮುಂದೆ ಪ್ರಾರ್ಥನೆ ಮುಗಿದ ಮೇಲೆ ಯಜಮಾನನು ತೆನೆಯ ಕಾಳು ಸುಲಿದು, ಆ ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುವನು. ಅಂದು ಮೀನು ಮಾಂಸ ಇಲ್ಲ. ಬಾಳೆಯೆಲೆಯ ಮೇಲೆ ಬೆಂಡೆ, ಹೀರೆ, ಅಲಸಂಡೆ, ಹರಿವೆ, ಕೆಸುವಿನ ದಂಟು, ಹೀಗೆ ಮೂರೋ ಐದೋ ಏಳೋ ಒಂಬತ್ತೋ ಬಗೆ, ಒಟ್ಟಿನಲ್ಲಿ ಬೆಸ ಸಂಖ್ಯೆ. ಎಲ್ಲವೂ ಮಳೆಗಾಲದ ಹಿತ್ತಿಲಿನಲ್ಲಿ ಬೆಳೆಯುವಂಥವು ಎಂಬುದನ್ನು ಗಮನಿಸಬೇಕು. ದೂರದಲ್ಲಿರುವ ಮಗನಿಗೆ, ಮಗಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುತ್ತದೆ. ಮುಂಬಯಿಯಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಆ ಕಾಳಿಗಾಗಿ ಕಾಯುವವರಿದ್ದಾರೆ.

ಇಷ್ಟು ಎಲ್ಲರಿಗೂ ತಿಳಿದ ವಿಷಯ. ಸೆಪ್ಟೆಂಬರ್ 8ರಂದು ಕಾಳು ಕಟ್ಟಿದ ತೆನೆ ಬರುವುದಾದರೂ ಎಲ್ಲಿಂದ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಲೆಕ್ಕ ಸರಳವಾಗಿದೆ. ಭತ್ತವು ಹೂ ಬಿಟ್ಟ ಮೇಲೆ ಕಾಳು ಬಲಿಯಲು ನಮ್ಮ ಹವೆಯಲ್ಲಿ ಸುಮಾರು 30 ದಿನ ಬೇಕು. ಕೇರಳದ ಮೊಂಕೊಂಬು ಕೇಂದ್ರದಿಂದ ಬಂದು ಕರಾವಳಿಯ ಗದ್ದೆಗಳನ್ನು ತುಂಬಿಕೊಂಡ ಎಂ.ಒ. 4 ತಳಿಯನ್ನೇ ತೆಗೆದುಕೊಳ್ಳೋಣ. 125 ದಿನಗಳ ಬೆಳೆಯೆಂದು ಹಿಡಿದು ಜೂನ್ 5ರಂದು ಬೀಜ ಹಾಕಿದರೆ ಕೊಯ್ಲು ಅಕ್ಟೋಬರ್ 8ಕ್ಕೆ. ಹಬ್ಬದ ದಿನ ಅದು ಆಗತಾನೆ ಹೂ ಬಿಡುತ್ತಿರುತ್ತದೆ. ತೆನೆ ಇದೆ, ಅಕ್ಕಿ ಇಲ್ಲ. ಹಳೆಯ ಮಳೆಗಾಲದ ತಳಿಗಳಲ್ಲಿ ಅನೇಕವು ಇನ್ನೂ ಹಠಮಾರಿಗಳು. ಅವು ಬಿತ್ತಿದ ದಿನವನ್ನು ಎಣಿಸುವುದಿಲ್ಲ, ಹಗಲಿನ ಉದ್ದವನ್ನು ಅಳೆಯುತ್ತವೆ. ಮಂಗಳೂರಿನ ಅಕ್ಷಾಂಶದಲ್ಲಿ ಜೂನ್ ಕೊನೆಯಲ್ಲಿ 13 ಗಂಟೆಗೆ ಸಮೀಪವಿರುವ ಹಗಲು ಸೆಪ್ಟೆಂಬರ್ 8ರ ಹೊತ್ತಿಗೆ ಹನ್ನೆರಡೂಕಾಲು ಗಂಟೆಗೆ ಇಳಿಯುತ್ತದೆ. ಹಗಲು ಕುಗ್ಗಿದ ಸೂಚನೆ ಸಿಕ್ಕಿದ ಮೇಲೆಯೇ ಆ ತಳಿಗಳು ತೆನೆಯ ಮೊಳಕೆಯನ್ನು ಒಳಗೆ ರೂಪಿಸಲು ತೊಡಗುವುದು. ಎಷ್ಟೇ ಮುಂಚೆ ಬಿತ್ತಿದರೂ ಅವು ಹಬ್ಬಕ್ಕೆ ತೆನೆ ಕೊಡಲಾರವು.

ಹಾಗಾದರೆ ಕೊಡುತ್ತಿದ್ದುದು ಯಾವುದು? ಬೆಟ್ಟು ಗದ್ದೆ. ಕರಾವಳಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವರು. ಬೈಲಿನಲ್ಲಿ ನೀರು ನಿಲ್ಲುತ್ತದೆ. ಮೇಲಿನ ಬೆಟ್ಟಿನಲ್ಲಿ ಮಳೆ ಇರುವಷ್ಟು ದಿನ ಮಾತ್ರ. ಮಳೆ ಹಿಂದೆ ಸರಿದೊಡನೆ ಒಣಗುವ ಆ ನೆಲಕ್ಕೆ ಬೇಗ ಬರುವ, ಹಗಲಿನ ಉದ್ದವನ್ನು ಲೆಕ್ಕಿಸದ ಬೀಜವೇ ಬೇಕು. ಮೇ 25ಕ್ಕೆ ಹಾಕಿದ 105 ದಿನಗಳ ಬೀಜ ಸೆಪ್ಟೆಂಬರ್ 7ಕ್ಕೆ ಬಲಿಯುತ್ತದೆ. ಅಕ್ಕಿ ಮುಡಿಯ ತಳ ಕಾಣುವ ಆಟಿಯ ಹಸಿವಿಗೆ ಮೊದಲ ಉತ್ತರವೂ ಈ ಬೆಟ್ಟಿನ ಬೆಳೆಯೇ. ಅದರ ಮುಂದೆ ಹಬ್ಬದ ತೆನೆ ಸಣ್ಣ ಮಾತು. ಹಸಿದವರ ಗದ್ದೆಯಿಂದ ಒಂದು ಹಿಡಿ ಚರ್ಚಿಗೆ ಹೋಗುತ್ತಿತ್ತು, ಅಷ್ಟೇ.

ಬೇರೆಡೆ ಹಬ್ಬವೇ ಗದ್ದೆಯನ್ನು ಅನುಸರಿಸುತ್ತದೆ. ಗೋವಾದಲ್ಲಿ ತೆನೆ ಹಬ್ಬಕ್ಕೆ ಒಂದೇ ದಿನಾಂಕವಿಲ್ಲ; ರಾಯ್ ಎಂಬ ಊರಿನಲ್ಲಿ ಆಗಸ್ಟ್ 5, ತಾಳಗಾಂವದಲ್ಲಿ ಆಗಸ್ಟ್ 21. ಮಲೆನಾಡಿನ ರೈತನು ಆಶ್ವಯುಜದ ಹುಣ್ಣಿಮೆಯಂದು, ಪೈರು ಗರ್ಭ ಕಟ್ಟುವ ವೇಳೆಗೆ, ಭೂಮಿ ಹುಣ್ಣಿಮೆಯನ್ನು ಆಚರಿಸುವನು. ಕೊಡಗಿನ ಪುತ್ತರಿಯಂತೂ ನವೆಂಬರ್ ಡಿಸೆಂಬರಿನವರೆಗೆ ಕಾಯುತ್ತದೆ. ಮಂಗಳೂರಿನ ಹಬ್ಬ ಮಾತ್ರ ಪಂಚಾಂಗದ ಒಂದು ದಿನಕ್ಕೆ ಕಟ್ಟುಬಿದ್ದಿತು. ದಿನ ಸರಿಯದಿದ್ದಾಗ ಬೀಜವೇ ಹೊಂದಿಕೊಳ್ಳಬೇಕು. ಕಾಫಿ ತೋಟಗಳ ಸೀಮೆಗೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಹಬ್ಬವನ್ನು ಘಟ್ಟ ಹತ್ತಿಸಿ ತಂದವು. ಆದರೆ ಆ ಹೊತ್ತಿಗೆ ಇಲ್ಲಿಯ ಬಯಲುಗಳಲ್ಲಿ ನಾಟಿಯ ಸಸಿ ಇನ್ನೂ ಮರಿಯೊಡೆಯುತ್ತಿರುತ್ತದೆ.

ಈಗ ಮೊದಲು ಹೋದದ್ದು ಬೆಟ್ಟು. ನೀರು ನಿಲ್ಲದ, ರಸ್ತೆಗೆ ಹತ್ತಿರದ ನೆಲವು ಅಡಿಕೆಗೆ, ರಬ್ಬರಿಗೆ, ಮನೆಯ ನಿವೇಶನಕ್ಕೆ ಸುಲಭದ ತುತ್ತು. ಇದನ್ನು ಕೃಷಿಕನ ದುರಾಸೆಯೆಂದು ಬೈಯುವ ಭಾಷಣಗಳು ಬಹಳವಾಗಿವೆ. ಕೂಲಿಯಾಳು ಸಿಗದ, ಭತ್ತಕ್ಕೆ ಬೆಲೆಯಿಲ್ಲದ ಊರಿನಲ್ಲಿ ಅಡಿಕೆ ಸಸಿ ನೆಟ್ಟವನನ್ನು ದೂರುವುದು ನ್ಯಾಯವಲ್ಲ. ಇನ್ನೊಂದು ಕಾರಣವನ್ನು ಹೇಳುವವರು ಕಡಿಮೆ. ಊರೆಲ್ಲ ಒಟ್ಟಿಗೆ ಬೇಗದ ಭತ್ತ ಬಿತ್ತಿದಾಗ ಹಕ್ಕಿಯ ಕಾಟ ನೂರು ಗದ್ದೆಗಳಿಗೆ ಹಂಚಿ ಹೋಗುತ್ತಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಿಟ್ಟ ಮೇಲೆ ಉಳಿದ ಒಂದೇ ಗದ್ದೆಯ ಮೇಲೆ ಊರಿನ ನವಿಲು, ಗಿಳಿ, ರಾಟವಾಳ, ಹಾಲುಗಾಳಿನ ರಸ ಹೀರುವ ತಿಗಣೆ ಎಲ್ಲವೂ ಎರಗುತ್ತವೆ. ಸುತ್ತಲಿನ ಪೈರು ಇನ್ನೂ ಹಸಿರಾಗಿರುವಾಗ ಇದೊಂದೇ ಕಾಳು ಕಟ್ಟಿರುತ್ತದೆ. ಹೀಗೆ ಹತ್ತನೆಯವನು ಬಿಡುವುದು ಮೊದಲನೆಯವನಿಗಿಂತ ಬೇಗ.

ಗದ್ದೆಯಿಲ್ಲದ ಊರಿನ ಚರ್ಚುಗಳಿಗೆ ಇಂದು ತೆನೆ ಬೇರೆ ಊರಿನಿಂದ ಬರುತ್ತದೆ. ಕೆಲವೆಡೆ ಧರ್ಮಗುರುಗಳು, ವಾಳೆಯ ಗುರಿಕಾರರು, ಯುವಕರು ಸೇರಿ ಹಡಿಲು ಬಿದ್ದ ಗದ್ದೆಯನ್ನು ಉತ್ತು ಹಬ್ಬಕ್ಕೆಂದೇ ಭತ್ತ ಬೆಳೆಯುವರು. ಕಾಲಿಗೆ ಕೆಸರು ಹತ್ತದ ಮಕ್ಕಳು ನೇಜಿ ನೆಡುವುದನ್ನು ಕಂಡರೆ ಯಾರಿಗಾದರೂ ಸಂತೋಷವೇ. ಆದರೆ ಅಲ್ಲಿ ಒಂದು ಲೋಪ ಕಾಣುತ್ತದೆ: ತೆನೆ ಪೂರ್ತಿ ಬಲಿಯುವ ಮುಂಚೆ ಗದ್ದೆಯನ್ನೆಲ್ಲ ಹಬ್ಬಕ್ಕೆ ಕೊಯ್ದುಬಿಟ್ಟರೆ ಮರುವರ್ಷಕ್ಕೆ ಬೀಜ ಉಳಿಯದು. ಹಾಲುಗಾಳು ಮೊಳೆಯುವುದಿಲ್ಲ. ಮತ್ತೆ ಅಂಗಡಿಯ ಚೀಲಕ್ಕೇ ಕೈಚಾಚಬೇಕು.

ಗದ್ದೆಯ ಒಂದು ಮೂಲೆಯನ್ನು ಕೊಯ್ಯದೆ ಬಿಡುವುದು ಕಷ್ಟವಲ್ಲ. ಭತ್ತವು ತನ್ನ ಹೂವಿನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಬೆರಕೆ ಗಿಡಗಳನ್ನು ಕಿತ್ತೆಸೆದು, ಮಧ್ಯದ ಒಳ್ಳೆಯ ತೆನೆಗಳನ್ನು ಆರಿಸಿದರೆ ತಳಿ ಕೆಡದೆ ಉಳಿಯುವುದು. ಒಣಗಿಸುವುದರಲ್ಲಿ ಮಾತ್ರ ಅವಸರ ಸಲ್ಲದು. ಕರಾವಳಿಯ ತೇವದಲ್ಲಿ ಸರಿಯಾಗಿ ಒಣಗದ ಬೀಜ ಮರುವರ್ಷಕ್ಕೇ ಸೋಲುತ್ತದೆ. ಆದಕಾರಣ ಇಂಥ ತಳಿಯನ್ನು ವರ್ಷವೂ ಬಿತ್ತುತ್ತಿರಬೇಕು. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು ಸಣ್ಣ ಚೀಲಗಳಲ್ಲಿ ವರ್ಷವರ್ಷವೂ ಬೆಳೆದು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಎಕರೆಗಟ್ಟಲೆ ಭೂಮಿಯಿಲ್ಲದವನೂ ಬೀಜ ಉಳಿಸಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದಿನ ಹಬ್ಬಕ್ಕೆ ತಮ್ಮೂರಿನದೇ ತೆನೆ ಬೇಕೆನ್ನುವವರು ಬೇಗದ ಬೀಜ ಯಾರ ಮನೆಯಲ್ಲಿ ಉಳಿದಿದೆಯೆಂದು ಈಗಲೇ ವಿಚಾರಿಸಬೇಕು. ಬೀಜ ಸಿಕ್ಕಿದರೆ ಒಬ್ಬರೇ ಬಿತ್ತದೆ, ಒತ್ತಿನ ನಾಲ್ಕು ಗದ್ದೆಯವರನ್ನು ಒಪ್ಪಿಸಿ ಒಂದೇ ವಾರದಲ್ಲಿ ಬಿತ್ತಬೇಕು; ಅವರಲ್ಲಿ ಚರ್ಚಿಗೆ ಹೋಗದವರೂ ಇರಲಿ, ನವಿಲು ಅದನ್ನು ವಿಚಾರಿಸುವುದಿಲ್ಲ. ಮೇ ಕೊನೆಯ ವಾರದ ಮೊದಲ ಮಳೆಗೆ ನೇಜಿಮಡಿ ಸಿದ್ಧವಾಗಿರಬೇಕು.